ಮೆಸೇಜಸ್ ತರಲು ಹೋದ ಅಜ್ಜಿ

ಗ್ಲಾಸ್ಗೋಗೆ ಹೋದ ಹೊಸದು. ಬಾಡಿಗೆ ಮನೆಯ ಒಡತಿ, ಎಪ್ಪತ್ತು ದಾಟಿದ ಅಜ್ಜಿ, ಸುರಿವ ಮಳೆಯಲ್ಲಿ ಕೈಚೀಲ ಹಿಡಿದು ಹೊರಟರು. "ಮೆಸೇಜಸ್ ತರೋಕೆ ಹೋಗ್ತಿದ್ದೀನಿ, ನಿನಗೇನಾದ್ರೂ ಬೇಕೇನಪ್ಪಾ?"

ನಾನು ಜೇಬಿನ ಮೊಬೈಲು ಮುಟ್ಟಿ ನೋಡಿಕೊಂಡೆ. ಮೆಸೇಜು ತಾನಾಗಿಯೇ ಬಂದು ಬೀಳುತ್ತದಲ್ಲ, ಅದಕ್ಕೆ ಚೀಲ ಬೇರೆ ಯಾಕೆ?

ಅರ್ಧ ಗಂಟೆಗೆ ಅಜ್ಜಿ ವಾಪಸ್. ಚೀಲದಲ್ಲಿ ಆಲೂಗಡ್ಡೆ, ಹಾಲು, ಬ್ರೆಡ್ಡು, ಆರು ಮೊಟ್ಟೆ! ಸ್ಕಾಟ್ಲೆಂಡಿನಲ್ಲಿ 'ಮೆಸೇಜಸ್' ಅಂದರೆ ಅಂಗಡಿ ಸಾಮಾನು. ಸುದ್ದಿ ಮುಟ್ಟಿಸುವ ಕೆಲಸದ ಹೆಸರು ಹೊರಗಿನ ಓಡಾಟಕ್ಕೆಲ್ಲ ಹಬ್ಬಿ, ಕೊನೆಗೆ ಆ ಓಡಾಟದಲ್ಲಿ ಕೊಂಡು ತಂದ ಆಲೂಗಡ್ಡೆಗೇ ಅಂಟಿಕೊಂಡಿದೆ.

"ಒಂದು ಪೀಸ್ ತಿಂತೀಯಾ?" ಎಂದರು ಅಜ್ಜಿ. ಯಾವುದರ ಪೀಸೋ ಎಂದು ಶುದ್ಧ ಸಸ್ಯಾಹಾರಿಯಾದ ನಾನು ಬೆವರಿದೆ. ಬಂದದ್ದು ಜಾಮ್ ಸವರಿದ ಬ್ರೆಡ್ಡು. ಅಲ್ಲಿ ಸ್ಯಾಂಡ್‌ವಿಚ್ಚೇ ಪೀಸ್. "ಜಿಂಜರ್ ಕುಡೀತೀಯಾ?" ಎಂದಾಗ ಶುಂಠಿ ಕಷಾಯದ ಆಸೆಗೆ ಹೂಂಗುಟ್ಟಿದೆ. ಲೋಟದಲ್ಲಿ ಬುಸುಗುಟ್ಟಿದ್ದು ಕಿತ್ತಳೆ ಬಣ್ಣದ ಸೋಡಾ! ಗ್ಲಾಸ್ಗೋದವರಿಗೆ ಗ್ಯಾಸು ತುಂಬಿದ ತಂಪು ಪಾನೀಯವೆಲ್ಲ ಜಿಂಜರೇ.

ನಾನು ಊರಿನಿಂದ ಹೊತ್ತೊಯ್ದ ಇಂಗ್ಲಿಷು ವಿಮಾನ ನಿಲ್ದಾಣದಾಚೆಗೆ ಚಲಾವಣೆಯಾಗಲಿಲ್ಲ. ಅತ್ತ ಹೋಗುವವರಿಗೆ ಒಂದೇ ಕಿವಿಮಾತು: ಯಾರಾದರೂ ಮೆಸೇಜಸ್ ತರ್ತೀನಿ ಅಂದರೆ ಮೊಬೈಲು ಹುಡುಕಬೇಡಿ, ಚೀಲ ಹಿಡಿದು ಜೊತೆಗೆ ಹೊರಡಿ.