ದಿನ್ನಿ ಇಳಿಯುವಾಗ ಕಟಕ್

ಕಾರಿನ ಹಿಂಭಾಗಕ್ಕೆ ಏನು ಜಡ್ಡು ಬಂದಿದೆ ಎಂಬುದು ಅದನ್ನು ಓಡಿಸುವವನಿಗೆ ಎಲ್ಲರಿಗಿಂತ ಕೊನೆಗೆ ತಿಳಿಯುತ್ತದೆ. ಸ್ಟೀರಿಂಗು, ಹಾರ್ನು, ಅಧಿಕಾರ ಎಲ್ಲ ಅವನ ಕೈಯಲ್ಲಿ. ಪೆಟ್ಟು ಮಾತ್ರ ಹಿಂದೆ ಕೂತವರಿಗೆ. ನಮ್ಮ ಹಳೆಯ ಅಂಬಾಸಿಡರಿನಲ್ಲಿ ಹಿಂದೆ ಕೂರುವವಳು ಅವ್ವ. ಶನಿವಾರ ಬಂತೆಂದರೆ ತುಳಸಿಗೇರಿ ಹನುಮಪ್ಪನಿಗೆ ಎಣ್ಣೆ ಒಯ್ಯಬೇಕು, ಎಣ್ಣೆಯ ಬಾಟ್ಲಿ ಅವಳ ತೊಡೆಯ ಮೇಲೆಯೇ ಇರಬೇಕು. ಬಾಗಲಕೋಟೆಯಿಂದ ಕಲಾದಗಿ ಕಡೆ ಹೋಗುವ ಆ ಹಾದಿಯ ತಗ್ಗು-ದಿನ್ನಿ ಎಲ್ಲ ಅವಳಿಗೆ ಬಾಯಿಪಾಠ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಜೋಡಿ ಟ್ರೇಲರ್ ಎಳೆದುಕೊಂಡು ಹೊರಟವೆಂದರೆ ಹೊಸ ತಗ್ಗು ಹುಟ್ಟುತ್ತವೆ. ಅವನ್ನೂ ಅವಳು ಮೊದಲ ವಾರದಲ್ಲೇ ಕಲಿತುಬಿಡುತ್ತಾಳೆ.

‘ಎಡಕ್ಕ ಕಟಕ್ ಅಂತೈತಿ ನೋಡಪಾ,’ ಎಂದಳು. ‘ದಿನ್ನಿ ಏರೂಮುಂದ ಅಲ್ಲ, ಇಳ್ಯೂಮುಂದ.’

ನನಗೆ ಏನೂ ಕೇಳಿಸಲಿಲ್ಲ. ಅಂಬಾಸಿಡರಿನಲ್ಲಿ ಒಂದು ಸಪ್ಪಳವನ್ನು ಬೇರೆ ಸಪ್ಪಳಗಳಿಂದ ಆರಿಸಿ ತೆಗೆಯಲು ಸಂಗೀತಗಾರನ ಕಿವಿ ಬೇಕು.

ಕಾಕಾ ಮಾತ್ರ ತಕ್ಷಣ ತೀರ್ಪು ಕೊಟ್ಟರು: ‘ಜಾಕ್ ಸಡಿಲಾಗೇತಿ.’ ಹಳೆಯ ಕಾರಿನ ಮಟ್ಟಿಗೆ ಇದು ಅಷ್ಟೇನೂ ಹುಚ್ಚು ಮಾತಲ್ಲ. ಡಿಕ್ಕಿಯಲ್ಲಿ ಹೊರಳುವ ಸ್ಟೆಪ್ನಿ, ಬ್ರ್ಯಾಕೆಟ್ ಬಿಟ್ಟ ಸೈಲೆನ್ಸರ್ ಪೈಪು, ಎರಡೂ ಸಸ್ಪೆನ್ಶನ್ ಕೆಟ್ಟಂತೆಯೇ ಸಪ್ಪಳ ಮಾಡಬಲ್ಲವು. ಡಿಕ್ಕಿ ಖಾಲಿ ಮಾಡಿದೆವು. ಹೋದ ವರ್ಷದ ಜಾತ್ರೆಯ ಒಂದು ತೆಂಗಿನಕಾಯಿ ಸಿಕ್ಕಿತು. ಸಪ್ಪಳ ಹೋಗಲಿಲ್ಲ.

ಮುಂದಿನ ಪಾಳಿ ನಮ್ಮ ನೆರೆಯ ನಿವೃತ್ತ ವಿಜ್ಞಾನ ಮಾಸ್ತರರದು. ಅವರು ಲಂಡನ್ನಿನಿಂದ ಶುರು ಮಾಡಿದರು. ಸ್ಪ್ರಿಂಗ್ ಎಷ್ಟು ಹಿಗ್ಗುತ್ತದೋ ಅಷ್ಟೇ ಪ್ರಮಾಣದಲ್ಲಿ ಎಳೆಯುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1676ರಲ್ಲಿ ನೇರವಾಗಿ ಹೇಳಲಿಲ್ಲವಂತೆ. ಬೇರೆಯವರು ಕದ್ದಾರೆಂದು ಅಕ್ಷರಗಳನ್ನೆಲ್ಲ ಕಲಸಿ ಒಗಟು ಮಾಡಿ ಅಚ್ಚು ಹಾಕಿಸಿದ, 1678ರಲ್ಲಿ ತಾನೇ ಬಿಡಿಸಿ ತೋರಿಸಿದ. ನಮ್ಮ ಕಾರು ಹುಕ್‌ನ ಶಿಷ್ಯನೇ ಇರಬೇಕು ಎಂದುಕೊಂಡೆ. ಹುಕ್ ಎರಡು ವರ್ಷಕ್ಕಾದರೂ ಬಾಯಿ ಬಿಟ್ಟ.

ಮಾಸ್ತರರು ಒಂದು ಪರೀಕ್ಷೆಯನ್ನೂ ಹೇಳಿಕೊಟ್ಟರು. ಡಿಕ್ಕಿಯ ಮೂಲೆಯನ್ನು ಮೈಭಾರ ಹಾಕಿ ಒತ್ತಿ ಬಿಡಬೇಕು. ಮೇಲೆದ್ದು, ಒಮ್ಮೆ ತೂಗಿ ನಿಂತರೆ ಶಾಕಪ್ ಬದುಕಿದೆ. ತೂಗುತ್ತಲೇ ಇದ್ದರೆ ಸತ್ತಿದೆ. ಇದನ್ನು ನಾನು ತುಳಸಿಗೇರಿ ಗುಡಿಯ ಮುಂದೆಯೇ ಮಾಡಹೋದದ್ದು ಜನರಿಗೆ ಬೇರೆಯಾಗಿಯೇ ಕಂಡಿತು. ‘ಚಾಲೂ ಆಗವಲ್ದೇನ್ರಿ?’ ಎಂದು ನಾಲ್ಕು ಮಂದಿ ಕಾಯಿ-ಕರ್ಪೂರ ಪಕ್ಕಕ್ಕಿಟ್ಟು ಓಡಿ ಬಂದರು. ನಾನು ವಿವರಿಸುವುದರೊಳಗೆ ‘ಹನುಮಪ್ಪಾ’ ಎಂದು ನೂಕಿಯೇ ಬಿಟ್ಟರು. ಹ್ಯಾಂಡ್‌ಬ್ರೇಕು ಹಾಕಿತ್ತು ಎಂಬುದು ಅವರ ಭಕ್ತಿಗೆ ಅಡ್ಡ ಬರಲಿಲ್ಲ.

ಅಂದಹಾಗೆ, ಅಂಬಾಸಿಡರಿಗೆ ಈ ಪರೀಕ್ಷೆಯ ಫಲಿತಾಂಶ ಪೂರಾ ನಂಬುವಂಥದ್ದಲ್ಲ. ಹಿಂದೆ ಇರುವುದು ಸುರುಳಿ ಸ್ಪ್ರಿಂಗಲ್ಲ, ಒಂದರ ಮೇಲೊಂದು ಜೋಡಿಸಿದ ಕಮಾನು ಪಾಟಾ. ಪಾಟಾಗಳು ಒಂದಕ್ಕೊಂದು ಉಜ್ಜಿ ತಾವೇ ಅರ್ಧ ತೂಗಾಟವನ್ನು ನುಂಗುತ್ತವೆ. ಶಾಕಪ್ ಅರೆಜೀವವಾಗಿದ್ದರೂ ಪಾಸಾಗಿಬಿಡುತ್ತದೆ. ಅದರ ಮೈ ಮೇಲೆ ಎಣ್ಣೆ ಇಳಿದಿದೆಯೇ ಎಂದು ಬಗ್ಗಿ ನೋಡುವುದೇ ಲೇಸು. ನಮ್ಮದರ ಮೇಲೆ ಬರೀ ಧೂಳಿತ್ತು.

ಕೊನೆಗೆ ನವನಗರದ ಒಬ್ಬ ಮಿಸ್ತ್ರಿ. ನಾನು ಬಾಯಿ ತೆರೆದೆ. ಅವನು ಕೈಸನ್ನೆಯಲ್ಲಿ ಸುಮ್ಮನಿರಿಸಿ ಹಿಂದಿನ ಬಾಗಿಲಿಗೆ ಹೋದ. ‘ಯವ್ವಾ, ನೀವ ಹೇಳ್ರಿ.’

ಅವ್ವ ಹೇಳಿದಳು. ಎಡಕ್ಕೆ, ಇಳಿಯುವಾಗ, ತಾನೊಬ್ಬಳೇ ಇದ್ದಾಗ. ಜಾತ್ರೆಗೆ ಐದು ಮಂದಿ ತುಂಬಿಕೊಂಡು ಹೋದಾಗ ಸಪ್ಪಳವೇ ಇರಲಿಲ್ಲ. ಈ ಕಡೆಯ ಮಾತನ್ನು ಅವಳು ನನಗೂ ಹೇಳಿರಲಿಲ್ಲ. ನಾನು ಕೇಳಿದ್ದರೆ ತಾನೇ.

‘ಮುಗೀತ್ರಿ. ಶ್ಯಾಕಲ್ ಬುಷ್,’ ಎಂದ ಮಿಸ್ತ್ರಿ. ಪಾಟಾದ ತುದಿ ಜೋತುಬೀಳುವ ಕೊಂಡಿಯಲ್ಲಿ ರಬ್ಬರ್ ಬುಷ್ ಸವೆದರೆ, ಮೇಲೆ ಭಾರವಿದ್ದಾಗ ಒತ್ತಿಕೊಂಡು ತೆಪ್ಪಗಿರುತ್ತದೆ. ಗಾಲಿ ದಿನ್ನಿ ಇಳಿದು ಜೋತ ಕ್ಷಣ ಕಬ್ಬಿಣ ಕಬ್ಬಿಣಕ್ಕೆ ಬಡಿಯುತ್ತದೆ. ಅಷ್ಟಕ್ಕೇ ಅವನು ಬಿಡಲಿಲ್ಲ. ಸಪಾಟು ನೆಲದ ಮೇಲೆ ಕಾರು ನಿಲ್ಲಿಸಿ, ಗಾಲಿಯ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ದಾರ ಹಿಡಿದು ಎರಡೂ ಬದಿ ಅಳೆದ. ಎಡಗಡೆ ಎರಡು ಬೆರಳು ಕುಸಿದಿತ್ತು. ಬುಷ್ ಸವೆದ ಮಾತ್ರಕ್ಕೆ ಅಷ್ಟು ಕುಸಿಯುವುದಿಲ್ಲ. ಬಾಡಿಯನ್ನು ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಯು-ಬೋಲ್ಟು ಬಿಚ್ಚಿದಾಗ ಕಳ್ಳ ಸಿಕ್ಕ: ಎರಡನೆಯ ಪಾಟಾ ಸೆಂಟರ್ ಬೋಲ್ಟಿನ ತೂತಿನ ಹತ್ತಿರವೇ ಮುರಿದಿತ್ತು. ಒಡಕಿನ ಒಳಮೈಗೆಲ್ಲ ತುಕ್ಕು. ಮುರಿದು ಬಹಳ ದಿನವಾಗಿತ್ತು. ಕ್ಲ್ಯಾಂಪಿನ ಅಡಿಯಲ್ಲಿ ಮುಖ ಮುಚ್ಚಿಕೊಂಡು ಕೂತಿತ್ತು.

ಒಂದೇ ಬದಿಗೆ ಹೊಸ ಪಾಟಾ ಹಾಕಿದರೆ ಕಾರು ಈಗ ಬಲಕ್ಕೆ ವಾಲುತ್ತದೆ, ಎರಡೂ ಬದಿ ಮಾಡಿಸಬೇಕು ಎಂದ. ಹುಕ್‌ನ ಹೆಸರು ಹೇಳದೆಯೇ ಹುಕ್‌ನ ನಿಯಮವನ್ನು ಬಿಲ್ಲಿನ ಮೇಲೆ ಬರೆದ. ಸ್ವಲ್ಪ ಓಡಿದ ಮೇಲೆ ಯು-ಬೋಲ್ಟನ್ನು ಮತ್ತೆ ಬಿಗಿಸಲು ಬರಬೇಕೆಂದೂ ಹೇಳಿದ.

ಮುರಿದ ಪಾಟಾವನ್ನು ಅವನು ಮೂಲೆಗೆ ಎಸೆಯುವಷ್ಟರಲ್ಲಿ ಅವ್ವ ಕೈ ಚಾಚಿದಳು. ‘ಅದನ್ ಇಲ್ಲಿ ಕೊಡು.’ ಪಾಟಾದ ಉಕ್ಕಿನಿಂದ ಮಾಡಿದ ಕುಡಗೋಲಿಗೆ ಬಾಯಿ ಬೇಗ ಹೋಗುವುದಿಲ್ಲ ಎಂದು ನಮ್ಮ ಕಡೆಯ ಒಕ್ಕಲಿಗರಿಗೆಲ್ಲ ಗೊತ್ತು. ಮಿಸ್ತ್ರಿಗೂ ಗೊತ್ತಿತ್ತು, ಹಳೇ ಸಾಮಾನು ಗ್ಯಾರೇಜಿಗೇ ಸೇರಿದ್ದು ಎಂದು ವಾದಿಸಿದ. ರೋಗ ಕಂಡುಹಿಡಿದವಳು ಯಾರು ಎಂದು ಅವ್ವ ಕೇಳಿದಳು. ಚೌಕಾಸಿ ನಡೆದು, ಉದ್ದನೆಯ ತುಂಡು ಅವ್ವನಿಗೆ, ಗಿಡ್ಡ ತುಂಡು ಮಿಸ್ತ್ರಿಗೆ ಎಂದಾಯಿತು. ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕಲಾದಗಿಯ ಕಮ್ಮಾರನಲ್ಲಿಗೆ ಒಯ್ದರೆ, ಅವನು ಉಗುರಿನಿಂದ ಬಡಿದು ಕಿವಿಗೊಟ್ಟು ಕೇಳಿ, ಒಂದು ಕುಡಗೋಲು, ಒಂದು ಕುರ್ಪಿ ಆಗುತ್ತದೆ, ಉಳಿದದ್ದು ತನ್ನ ಕೂಲಿ ಎಂದ. ಅವ್ವ ಎರಡು ಕುರ್ಪಿ ಕೇಳಿದಳು.