ಮೈಸೂರು ಪಾಕ್ ಇಲ್ಲ

ಅಮ್ಮನ ಕೈಬರಹದ ಅಡುಗೆ ಚೀಟಿಗಳನ್ನು ಸ್ಕ್ಯಾನ್ ಮಾಡಿ, ಒಂದೊಂದಕ್ಕೂ ಕನ್ನಡದಲ್ಲೇ ಹೆಸರಿಟ್ಟು, ತಂಗಿಯ ಮಗಳಿಗೆ ಪೆನ್‌ಡ್ರೈವ್‌ನಲ್ಲಿ ಹಾಕಿಕೊಡುವುದು ಅರ್ಧ ಗಂಟೆಯ ಕೆಲಸ, ಕೈಯಲ್ಲೇ ಮಾಡಿದ್ದರೆ. ನಾನು ಲಿನಕ್ಸ್ ಬಲ್ಲವನು. ಆದ್ದರಿಂದ ಬ್ಯಾಶ್ ಸ್ಕ್ರಿಪ್ಟ್ ಬರೆಯಲು ಕೂತೆ. ಪಟ್ಟಿಯಿಂದ ಹೆಸರು ಓದು, ಆ ಹೆಸರಿನ ಫೈಲ್ ಇದೆಯೇ ಕೇಳು, ಇದ್ದರೆ ನಕಲು ಮಾಡು, ಇಲ್ಲದಿದ್ದರೆ ‘ಇಲ್ಲ’ ಅನ್ನು. ಇಷ್ಟೇ.

ಮೊದಲ ಓಟಕ್ಕೇ ಸುಳ್ಳು ಸಾಕ್ಷಿ. ಪಟ್ಟಿಯ ಕೊನೆಯಲ್ಲಿದ್ದ ಖಾಲಿ ಸಾಲಿಗೂ ‘ಇದೆ’ ಎಂದಿತು. ಹೆಸರೇ ಇಲ್ಲದ್ದು ಇದೆಯಂತೆ! ವೇರಿಯೆಬಲ್ಲಿಗೆ ಕೋಟ್ ಹಾಕದಿದ್ದರೆ ಖಾಲಿ ಹೆಸರು ಮಾಯವಾಗಿ ಬ್ರ್ಯಾಕೆಟ್ಟಿನೊಳಗೆ ‘ಮೈನಸ್ ಇ’ ಒಂದೇ ಉಳಿಯುತ್ತದೆ. ಏನೋ ಒಂದು ಇದೆಯಲ್ಲ ಎಂದು ಬ್ಯಾಶ್ ಹೂಂಗುಡುತ್ತದೆ. ಜೋಡಿ ಕೋಟ್ ಹಾಕಿದೆ. ಎರಡು ಪದದ ಹೆಸರುಗಳ ರಗಳೆಯೂ ಅದರಲ್ಲೇ ತೀರಿತು.

ಆಮೇಲೆ ಬಂತು: ‘ಮೈಸೂರು ಪಾಕ್ ಇಲ್ಲ.’

ಫೈಲ್ ಕಣ್ಣೆದುರಿಗಿದೆ. ‘ಎಲ್‌ಎಸ್’ ಎಂದರೆ ತೋರಿಸುತ್ತದೆ, ಹೆಸರು ಹಿಡಿದು ಕೇಳಿದರೆ ಇಲ್ಲ ಎನ್ನುತ್ತದೆ. ಪಟ್ಟಿಯ ಹೆಸರು, ಫೈಲಿನ ಹೆಸರು ಎರಡನ್ನೂ ಒಂದರ ಕೆಳಗೊಂದು ಇಟ್ಟೆ. ಗಟ್ಟಿಯಾಗಿ ಓದಿದೆ. ‘ಮೈ’ ಒಂದೇ ತೆರೆ ತುಂಬುವಷ್ಟು ಅಕ್ಷರ ಹಿಗ್ಗಿಸಿ ಐತ್ವದ ಬಾಲ ಪರೀಕ್ಷಿಸಿದೆ. ಕನ್ನಡಕ ಒರೆಸಿದೆ, ತೆರೆಯನ್ನೂ ಒರೆಸಿದೆ. ಕೊನೆಗೆ “ಮೈಸೂರು ಪಾಕ್ ಇದೆ ಕಣೋ!” ಎಂದು ಕಂಪ್ಯೂಟರಿನ ಮೇಲೆ ಕೂಗಾಡಿದೆ.

“ಎಲ್ಲಿದೆ?” ಅಡುಗೆಮನೆಯಿಂದ ಹೆಂಡತಿ. “ಡಬ್ಬಿ ಖಾಲಿಯಾಗಿ ವಾರ ಆಯ್ತು, ನೀವೇ ಮುಗಿಸಿದ್ದು.”

“ಇಲ್ಲಿದೆ, ನೋಡು ಬಾ.”

ಬಂದು ನೋಡಿದಳು. “ತಿನ್ನೋಕಾಗತ್ತಾ?”

“ಇಲ್ಲ.”

“ಹಾಗಾದ್ರೆ ಅದು ಹೇಳೋದೇ ಸರಿ,” ಎಂದು ಯಂತ್ರದ ಪಕ್ಷ ವಹಿಸಿ ಹೊರಟುಹೋದಳು.

ಪಟ್ಟಿ ಟೈಪು ಮಾಡಿಕೊಟ್ಟಿದ್ದ ಸೋದರಳಿಯನಿಗೆ ಫೋನ್ ಮಾಡಿದರೆ, “ಇಂಗ್ಲಿಷಲ್ಲಿ ಹೆಸರಿಡಿ ಮಾವ, ತಾಪತ್ರಯಾನೇ ಇರಲ್ಲ” ಎಂದ. ಸಿಟ್ಟು ನೆತ್ತಿಗೇರಿತು. ಲಿನಕ್ಸಿಗೇ ಇಲ್ಲದ ಭಾಷಾಭೇದ ಇವನಿಗೆ! ಅದಕ್ಕೆ ಹೆಸರೆಂದರೆ ಬೈಟುಗಳ ಸಾಲು. ಸ್ಲ್ಯಾಶ್ ಮತ್ತು ಸೊನ್ನೆ ಬೈಟು ಬಿಟ್ಟು ಏನು ಬೇಕಾದರೂ ಇರಬಹುದು.

ಬೈಟು! ಎರಡೂ ಹೆಸರನ್ನು ಹೆಕ್ಸ್‌ಡಂಪ್‌ಗೆ ಕೊಟ್ಟೆ. ಪಟ್ಟಿಯ ‘ಪಾಕ್’ ಬೆನ್ನಿಗೆ ಮೂರು ಬೈಟು ಹೆಚ್ಚಿಗೆ: ಇ2 80 8ಸಿ. ಯುನಿಕೋಡ್ 200ಸಿ, ಝೀರೋ ವಿಡ್ತ್ ನಾನ್ ಜಾಯ್ನರ್. ಅಗಲ ಸೊನ್ನೆ. ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರ ನಡುವೆ ಕುರ್ಚಿ ಎಳೆದು ಕೂರುವ ಸೋದರಮಾವನಂತೆ, ಎರಡು ವ್ಯಂಜನ ಒತ್ತಕ್ಷರವಾಗದಂತೆ ತಡೆಯುವುದು ಅದರ ಕೆಲಸ. ಪದದ ಕೊನೆಯಲ್ಲಿ ಅದಕ್ಕೇನೂ ಕೆಲಸವಿಲ್ಲ. ಆದರೂ ಕೆಲವು ಕೀಲಿಮಣೆಗಳು ಅರ್ಧಾಕ್ಷರದ ಹಿಂದೆ ಅದನ್ನು ಕಟ್ಟಿ ಕಳಿಸುತ್ತವೆ.

ನಗು ಬಂತು, ಆದರೆ ಪೂರ್ತಿ ಬರಲಿಲ್ಲ. ಕಳೆದ ನವೆಂಬರಿನಲ್ಲಿ ಪಿಂಚಣಿಯ ಜೀವಿತ ಪ್ರಮಾಣಪತ್ರಕ್ಕೆಂದು ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಸವೆದ ಹೆಬ್ಬೆರಳನ್ನು ಯಂತ್ರ ಒಪ್ಪಲಿಲ್ಲ. “ಬರ್ತಿಲ್ಲ ಸಾರ್, ನಾಳೆ ಬನ್ನಿ,” ಎಂದರು ಗಾಜಿನಾಚೆಯವರು. ಅಪ್ಪ ಎದುರಿಗೇ ನಿಂತಿದ್ದರು. ಅಲ್ಲಿ ಹೆಕ್ಸ್‌ಡಂಪ್ ಇರಲಿಲ್ಲ.

ಸ್ಕ್ರಿಪ್ಟ್ ಈಗ ಪದದ ಕೊನೆಯ 200ಸಿಯನ್ನಷ್ಟೇ ಕಿತ್ತುಹಾಕುತ್ತದೆ. ನಡುವಿನದನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಬಾದಾಮ್‌ಪುರಿ ಹೋಗಿ ‘ಬಾದಾಮ್ಪುರಿ’ ಆಗುತ್ತದೆ, ಮತ್ತು ಅದನ್ನು ನಮ್ಮ ಮನೆತನದಲ್ಲಿ ಯಾರೂ ಮಾಡಿದ್ದಿಲ್ಲ.