ಏನೂ ಆಗಂಗಿಲ್ರಿ ಸರ

ಅವನ ಹೆಸರು ಹೇಳುವುದಿಲ್ಲ. ನಮ್ಮ ಮನೆಯ ಫ್ಯೂಸು ಈಗಲೂ ಅವನ ಕೈಯಲ್ಲೇ ಇದೆ.

ನಾನು ಪೆನ್ನು ಸಿಕ್ಕಿಸುವ ಜೇಬಿನಲ್ಲಿ ಅವನು ಟೆಸ್ಟರ್ ಸಿಕ್ಕಿಸುತ್ತಾನೆ. ಏಣಿ ತರುವ ರೂಢಿ ಇಲ್ಲ. ಯಾರ ಮನೆಗೆ ಹೋಗುತ್ತಾನೋ ಆ ಮನೆಯ ಒಳ್ಳೆಯ ಕುರ್ಚಿಯೇ ಅವನ ಏಣಿ. ಫೋನು ಮಾಡಿದರೆ "ಐದ ಮಿನಿಟ್ರಿ ಸರ" ಅನ್ನುತ್ತಾನೆ. ಹೊಲದ ಪಂಪ್‌ಸೆಟ್ಟುಗಳಿಗೆ ತ್ರೀಫೇಸ್ ಬರುವ ಹೊತ್ತಾಗಿದ್ದರೆ ಆ ಐದು ಮಿನಿಟು ಮರುದಿನ ಮುಗಿಯುತ್ತದೆ. ನಮ್ಮದು ಪಾರಿಜಾತದ ಆಟಕ್ಕೆ ಹೆಸರಾದ ಕೌಜಲಗಿ ನಿಂಗಮ್ಮನ ಊರು. ಶ್ರೀಕೃಷ್ಣ ಪಾರಿಜಾತ ಅಂದರೆ ಮುದುಕರೂ ರಾತ್ರಿಯಿಡೀ ಕೂರುತ್ತಾರೆ. ಆಟಕ್ಕೆ ದೀಪ, ಮೈಕು ಇವನದೇ. ಒಮ್ಮೆ ಸತ್ಯಭಾಮೆ ಸಿಟ್ಟಿಗೆದ್ದ ಗಳಿಗೆಗೆ ಸರಿಯಾಗಿ ಎಲ್ಲ ದೀಪ ಆರಿದವು. ಪರಊರಿನವರು ಅದೂ ಆಟದ್ದೇ ಅಂದುಕೊಂಡು ಚಪ್ಪಾಳೆ ಹೊಡೆದರು. ಇವನು ತಲೆಬಾಗಿ ನಮಸ್ಕಾರ ಮಾಡಿದ.

ಇಂಥ ವಾಯರಮನ್ ಊರಿಗೊಬ್ಬ ಇದ್ದೇ ಇರುತ್ತಾನೆ, ಮಂತ್ರವೂ ಎಲ್ಲರದೂ ಒಂದೇ: "ಏನೂ ಆಗಂಗಿಲ್ರಿ." ಫ್ಯೂಸು ಪದೇ ಪದೇ ಸುಡುತ್ತದೆ ಅಂದರೆ ವಾಯರಿನ ನಾಲ್ಕು ಎಳೆ ಹೊಸೆದು ಕಟ್ಟಿ, "ಇನ್ನ ಸುಡೂದಿಲ್ರಿ" ಅನ್ನುತ್ತಾನೆ. ನಿಜ. ಇನ್ನು ಸುಟ್ಟರೆ ಮನೆಯೇ ಸುಡಬೇಕು.

1887ರಷ್ಟು ಹಿಂದೆಯೇ ಗೋಕಾಕ ಫಾಲ್ಸಿನ ನೀರಿನ ಬಲದಿಂದ ನೂಲಿನ ಗಿರಣಿ ಓಡಿಸಿದ ಸೀಮೆ ನಮ್ಮದು. ಪಕ್ಕದ ಹುಕ್ಕೇರಿಯವರು 1969ರಲ್ಲಿ ಸಹಕಾರಿ ಸಂಘ ಕಟ್ಟಿ ಹಳ್ಳಿಗಳಿಗೆ ಕರೆಂಟು ತಾವೇ ಹಂಚಿಕೊಂಡವರು. ಇಂಥ ಕಡೆ ಹುಟ್ಟಿಯೂ ಕರೆಂಟಿಗೆ ಹೆದರುವವನು ನಾನೊಬ್ಬನೇ ಇರಬೇಕು. ಮೂವತ್ತು ವರ್ಷ ಕನ್ನಡ ವ್ಯಾಕರಣ ಕಲಿಸಿದ ಕೈ. ಸಂಧಿ ಬಿಡಿಸಿಯೇನು, ಸ್ವಿಚ್ಚಿನ ಮುಚ್ಚಳ ಬಿಚ್ಚಲಾರೆ.

ಹೋದ ಕಾರ್ತೀಕದಲ್ಲಿ ಪುಣೆಯಿಂದ ಮಗ ಒಂದು ಗೀಝರು ಕಳಿಸಿದ. ಮೂರು ಲೀಟರಿನದು, ಗುಂಡಿ ಒತ್ತಿದ ಕೂಡಲೇ ಶಾವರಿನಲ್ಲಿ ಬಿಸಿನೀರು. ಹಂಡೆಯ ಒಲೆಗೆ ಹತ್ತಿಕಟಿಗೆ ತುರುಕಿ ಊದಿ ಊದಿ ನಮ್ಮಾಕೆಯ ಕಣ್ಣು ಕೆಂಪಾಗಿದ್ದವು, ಮೊಣಕಾಲೂ ಕೇಳುತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ 3000 ವ್ಯಾಟ್ ಎಂದಿತ್ತು. 230ರಿಂದ ಭಾಗಿಸಿದೆ. ಹದಿಮೂರು ಆಂಪಿಯರ್ ಬಂತು. ಬಚ್ಚಲ ಪಕ್ಕದ ಪ್ಲಗ್ಗಿನ ಮೇಲೆ 6 ಎಂದು ಬರೆದಿತ್ತು. ತೋರಿಸಿದೆ.

"ಏನೂ ಆಗಂಗಿಲ್ರಿ ಸರ."

ಹಟ ಹಿಡಿದು ಹದಿನಾರು ಆಂಪಿಯರಿನ ಪ್ಲಗ್ಗು, ದಪ್ಪ ವಾಯರು ತರಿಸಿದೆ. ಆಮೇಲೆ ಪ್ಲಗ್ಗಿನ ಮೂರನೆಯ ದಪ್ಪ ಕಾಲಿನ ವಿಷಯಕ್ಕೆ ಬಂದೆ. "ಅರ್ಥಿಂಗ್ ಎಲ್ಲಿ ಕೊಟ್ಟಿ?"

"ನಳದ ಪೈಪಿಗೆ ಕೊಟ್ಟೇನ್ರಿ. ಕಬ್ಬಿಣ ನೋಡ್ರಿ, ಸೀದಾ ಭೂಮಿತಾಯಿಗೆ ಹೊಕ್ಕೈತಿ."

ಭೂಮಿತಾಯಿಯ ಹೆಸರು ಬಂದ ಮೇಲೆ ನಾನು ಸುಮ್ಮನಾದೆ. ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಕೂಗು ಕೇಳಿತು: "ಏನ್ರೀ, ನಳಾ ಮುಟ್ಟಿದ್ರ ಜುಮ್ ಅಂತೈತಿ!"

ಅವನು ಬಂದ. "ಥಂಡಿಗೆ ಹಂಗ ಅನಸ್ತೈತ್ರಿ ಅವ್ವಾರ" ಅಂದ. ಬೆರಳ ಹಿಂಭಾಗದಿಂದ ನಳ ಮುಟ್ಟಿದ. "ನನಗೇನೂ ಹತ್ತವಲ್ದು." ನನ್ನ ಕಣ್ಣು ಅವನ ಕಾಲಿನ ಮೇಲಿತ್ತು. ಬೆರಳು ದಪ್ಪದ ರಬ್ಬರ್ ಚಪ್ಪಲಿ.

"ಚಪ್ಪಲಿ ತೆಗದು ಮುಟ್ಟೋ."

ಒಲ್ಲದ ಮನಸ್ಸಿನಿಂದ ತೆಗೆದ. ತೊಯ್ದ ಬಚ್ಚಲ ಕಲ್ಲಿನ ಮೇಲೆ ಬರಿಗಾಲು ಊರಿ, ನಳಕ್ಕೆ ಬೆರಳು ತಾಗಿಸಿ, "ಯವ್ವಾ!" ಎಂದು ಹೊಸ್ತಿಲಾಚೆ ಹಾರಿದ. ಎರಡು ಉಸಿರು ಬಿಟ್ಟು, ಗಂಭೀರವಾಗಿ ತೀರ್ಪು ಕೊಟ್ಟ: "ಸ್ವಲ್ಪ ಐತ್ರಿ."

ಗೋಡೆ ಕೆದರಿ ನೋಡಿದರೆ ಕಬ್ಬಿಣದ ಪೈಪು ಒಂದು ಗೇಣು. ಅದರಾಚೆಗೆಲ್ಲ ಪ್ಲಾಸ್ಟಿಕ್ಕು. ಗೀಝರಿನಿಂದ ಸೋರಿದ ಕರೆಂಟನ್ನು ಭೂಮಿತಾಯಿಗೆ ಕೊಡುವ ಬದಲು ಇವನು ನನ್ನ ಹೆಂಡತಿಯ ಕೈಗೆ ಕೊಟ್ಟಿದ್ದ.

ಅಂದು ನಾನು ಆಡಿದ ಮಾತುಗಳಲ್ಲಿ ವ್ಯಾಕರಣ ಇರಲಿಲ್ಲ. ಅವನು ತಲೆ ತಗ್ಗಿಸಿ ಕೇಳಿದ, ಏಳನೆಯ ಇಯತ್ತೆಯಲ್ಲಿ ಕೇಳುತ್ತಿದ್ದ ಹಾಗೆಯೇ. ಹೌದು, ನನ್ನ ವಿದ್ಯಾರ್ಥಿಯೇ. ಕಾಗುಣಿತ ತಪ್ಪಿದ್ದಕ್ಕೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಒಂದು ದಿನ ಇಳಿದು ಹೋದವನು ಮತ್ತೆ ಶಾಲೆಗೆ ಬರಲಿಲ್ಲ. ಎತ್ತರದಲ್ಲಿ ನಿಲ್ಲುವ ಅಭ್ಯಾಸ ಮಾಡಿಸಿದವನು ನಾನೇ ಅಂತ ಎಷ್ಟೋ ಸಲ ನಗೆಯಾಡಿದ್ದೇನೆ. ಆ ದಿನ ನಗೆ ಬರಲಿಲ್ಲ.

"ಪೆಟ್ಟಿಗ್ಯಾಗ ಕಾಗದ ಇತ್ತಲ್ಲೋ, ಅದರಾಗ ಎಲ್ಲಾ ಬರದಿರತಾರ. ಓದಬಾರದಾ?" ಅಂದೆ.

"ಯಾವ ಭಾಷಾದಾಗ ಐತಿ ನೋಡ್ರಿ ಸರ."

ಕಪಾಟಿನಿಂದ ತೆಗೆದು ನೋಡಿದೆ. ಇಂಗ್ಲಿಷು, ಹಿಂದಿ, ಇನ್ನೂ ಒಂದೆರಡು. ಕನ್ನಡವಿಲ್ಲ. 1982ರ ಗೋಕಾಕ ಚಳವಳಿಯಲ್ಲಿ ಕನ್ನಡಕ್ಕಾಗಿ ಧ್ವನಿ ಒಡೆಯುವ ತನಕ ಕೂಗಿದವನು ನಾನು. ಕಾಗದ ಕಪಾಟಿಗೆ ಹಾಕಿದವನೂ ನಾನೇ. ಜಗಲಿಯ ಮೇಲೆ ಕೂತು ಸಾಲು ಸಾಲಾಗಿ ಕನ್ನಡಕ್ಕೆ ತಂದು ಓದಿದೆ: ಅರ್ಥಿಂಗ್ ಇಲ್ಲದೆ ಜೋಡಿಸಬೇಡಿ, ಸ್ವಿಚ್ಚು ತೊಯ್ದ ಕೈಗೆ ಎಟಕುವಲ್ಲಿ ಇಡಬೇಡಿ, ನೀರು ಹರಿಯದೆ ಗುಂಡಿ ಒತ್ತಬೇಡಿ. ಅವನು ಬಾಯಿ ಅಲ್ಲಾಡಿಸುತ್ತ ಕೇಳಿದ.

"ಮದಲ ಓದಿ ಹೇಳಿದ್ರ ಮದಲ ಹಾಕತಿದ್ನಲ್ರಿ ಸರ."

ಗೀಝರು ಅಂಗಡಿಗೆ ಹೋಗಿ ಹೊಸದು ಬಂತು. ಹಿತ್ತಲ ಎರೆಮಣ್ಣಿನಲ್ಲಿ ಅವನೇ ಎದೆಮಟ್ಟ ಗುಂಡಿ ತೋಡಿದ. ನಡುವೆ ಜಿಐ ಪೈಪು, ಸುತ್ತ ಒಂದು ಪದರು ಇದ್ದಿಲು, ಒಂದು ಪದರು ಉಪ್ಪು. ಮೇಲೆ ನೀರು ಸುರಿದ. ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸಿದ. ಅದೇನು ಮಾಡುತ್ತದೆಂದು ನಾನು ಮಾಸ್ತರಿಕೆಯ ಗತ್ತಿನಲ್ಲಿ ಹೇಳಿದೆ: ಪ್ರವಾಸಕ್ಕೆ ಹೋದ ಹುಡುಗರು ಎಣಿಸಿದಷ್ಟೇ ತಿರುಗಿ ಬರಬೇಕು, ಹೋದ ಕರೆಂಟು, ಬಂದ ಕರೆಂಟು ತಾಳೆಯಾಗದಿದ್ದರೆ ನಡುವೆ ಯಾರದೋ ಮೈಯೊಳಗೆ ಇಳಿದಿದೆ ಅಂತಲೇ ಲೆಕ್ಕ, ಕಣ್ಣು ಮಿಟುಕಿಸುವುದರೊಳಗೆ ಬಂದ್ ಮಾಡುತ್ತದೆ. ಅದರ ಪರೀಕ್ಷೆಯ ಗುಂಡಿ ಒತ್ತಿದ. ಟಪ್! ಮನೆಯೆಲ್ಲ ಕತ್ತಲು. ಏರಿಸಿ ಮತ್ತೆ ಒತ್ತಿದ. ಟಪ್! ಐದನೆಯ ಸಲಕ್ಕೆ ಒಳಗಿನಿಂದ ನಮ್ಮಾಕೆ ಬೈದಳು. ಜಾತ್ರೆಯಲ್ಲಿ ಪೀಪಿ ಸಿಕ್ಕ ಹುಡುಗನ ಹಾಗೆ ನಕ್ಕ.

ಈಗ ನಮ್ಮಾಕೆ ಬೆಳಿಗ್ಗೆ ತುಳಸಿಗೊಂದು ಚೊಂಬು, ಅರ್ಥಿಂಗ್ ಗುಂಡಿಗೊಂದು ಚೊಂಬು ನೀರು ಹಾಕುತ್ತಾಳೆ. ಅವನೋ, ಕರೆಯದಿದ್ದರೂ ತಿಂಗಳಿಗೊಮ್ಮೆ ಬಂದು ಆ ಪರೀಕ್ಷೆಯ ಗುಂಡಿ ಒತ್ತಿ, ಚಹಾ ಕುಡಿದು ಹೋಗುತ್ತಾನೆ. ಕಿರಿಕಿರಿಯೇ. ಬಾರದ ತಿಂಗಳು ಮಾತ್ರ ನಾನೇ ಫೋನು ಮಾಡುತ್ತೇನೆ.

ಕೆಲಸ ಮುಗಿದ ಸಂಜೆ ದುಡ್ಡು ಎಣಿಸಿ ಕೊಡುತ್ತ ಕೇಳಿದ್ದೆ, "ನಿಮ್ಮನ್ಯಾಗ ನೀರ ಹೆಂಗ ಕಾಸತೀರಿ?"

"ಬಕೀಟಿನ್ಯಾಗ ರಾಡ್ ಬಿಡತೇವ್ರಿ."

"ಅರ್ಥಿಂಗ್?"

"ನಮ್ಮನಿಗೇನ್ರಿ ಸರ, ಏನೂ ಆ..." ಅಂದವನು ಅಲ್ಲಿಗೇ ನಿಲ್ಲಿಸಿದ. ಮನೆಯಲ್ಲಿ ಸಣ್ಣ ಹುಡುಗಿ ಇದ್ದಾಳೆ, ಒಂದನೆಯ ಇಯತ್ತೆ. ಟೆಸ್ಟರ್ ಜೇಬಿಗೆ ಸಿಕ್ಕಿಸಿದ. ಹಿತ್ತಲಿಗೆ ಹೋಗಿ ಉಳಿದಿದ್ದ ಅರ್ಧ ಚೀಲ ಇದ್ದಿಲು, ಉಪ್ಪಿನ ಗಂಟು ಎತ್ತಿಕೊಂಡು ಬಂದು ಗಾಡಿಗೆ ಕಟ್ಟತೊಡಗಿದ. ಅದು ನನ್ನ ದುಡ್ಡಿನದು ಅಂತ ಇಬ್ಬರಿಗೂ ಗೊತ್ತಿತ್ತು. ಹಗ್ಗದ ಇನ್ನೊಂದು ತುದಿ ನಾನು ಹಿಡಿದುಕೊಂಡೆ.